ಮುಂದಿನ ವಚನ

ಇದು ಹದಿನಾರು ವರ್ಷದ ಹಿಂದಿನ ಮಾತು. ಆಗ ನಾನು ಶಿಗ್ಗಾಂವ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಆರು ಹಾಸಿಗೆ, ಒಬ್ಬ ನರ್ಸ್, ಅಂಗಳದಲ್ಲೊಂದು ಬೇವಿನ ಮರ. ಬೆಳಿಗ್ಗೆ ಬಸ್ಸಿಳಿದು ಗೇಟು ದಾಟುವಷ್ಟರಲ್ಲಿ ಮರದ ಕಟ್ಟೆಯ ಮೇಲಿದ್ದವರು “ಡಾಕ್ಟರ್ ಬಾಯಾರು ಬಂದ್ರು” ಎಂದು ಎದ್ದು ನಿಲ್ಲುತ್ತಿದ್ದರು. ನನ್ನ ಸಿಟ್ಟು ಸುತ್ತಲ ಹಳ್ಳಿಗಳಲ್ಲಿ ಹೆಸರುವಾಸಿ. ಬೈಸಿಕೊಂಡವರೂ ಮರುವಾರ ನನ್ನ ಹತ್ತಿರವೇ ಬರುತ್ತಿದ್ದರು. ಎಂಥ ಜನ! ಈಗಲೂ ಕನಸಿನಲ್ಲಿ ಆ ಗೇಟು ದಾಟುತ್ತಿರುತ್ತೇನೆ.

ಜನವರಿಯ ಒಂದು ಸೋಮವಾರ. ಬಸುರಿಯರ ತಪಾಸಣೆಯ ದಿನ. ತಡಸದ ಸಲೋಮಿ ಗಂಡ ಸಾಮುವೆಲ್‌ನ ಜೊತೆ ಬಂದಳು. ಅವನು ಮನೆ ಕಟ್ಟುವ ಗೌಂಡಿ, ಮಾತು ಕಡಿಮೆ. ಅವಳಿಗೆ ಎಂಟು ತಿಂಗಳು. ಮುಖ, ಕಾಲು ಎರಡೂ ಬಾತಿದ್ದವು. ಬಿಪಿ 170/110. ಸ್ವಲ್ಪ ಹೊತ್ತು ಮಲಗಿಸಿ ಮತ್ತೆ ನೋಡಿದೆ, ಅಷ್ಟೇ ಇತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಇದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತೇವೆ. ಬಸಿರಿನಲ್ಲಿ ರಕ್ತದೊತ್ತಡ ಹೀಗೆ ಏರಿದಾಗ ಸುಮ್ಮನೆ ಬಿಟ್ಟರೆ ಫಿಟ್ಸ್ ಬಂದು ತಾಯಿ, ಕೂಸು ಇಬ್ಬರೂ ಹೋಗಬಹುದು. ಹೆರಿಗೆ ಮಾಡಿಸುವುದೇ ಅದಕ್ಕೆ ಮದ್ದು. ಅದಕ್ಕೆ ಬೇಕಾದ ಆಪರೇಷನ್ ಥಿಯೇಟರ್ ಆಗಲಿ ರಕ್ತವಾಗಲಿ ನಮ್ಮಲ್ಲಿರಲಿಲ್ಲ.

“ಸಲೋಮಿ, ಹುಬ್ಬಳ್ಳಿಗೆ ಹೋಗಬೇಕವಾ, ಈಗಿಂದೀಗ.”

“ನಾ ಹೋಗಂಗಿಲ್ರಿ ಬಾಯಾರ.”

ಮೂರು ವರ್ಷದ ಹಿಂದೆ ಅವಳ ಚೊಚ್ಚಲ ಕೂಸು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಸತ್ತೇ ಹುಟ್ಟಿತ್ತು. ಅಲ್ಲಿಯವರ ತಪ್ಪೇನೂ ಇರಲಿಲ್ಲ, ಇವರು ಹೋದದ್ದೇ ತಡವಾಗಿತ್ತು. ಆದರೆ ಬರಿಗೈಯಲ್ಲಿ ಇಳಿದು ಬಂದ ಆ ಮೆಟ್ಟಿಲನ್ನು ಅವಳು ಮತ್ತೆ ಹತ್ತಲಾರಳು. ಈಗ ಕೈಯಲ್ಲಿ ಒಂದು ಚೀಟಿ ಬೇರೆ ಇತ್ತು. ಅವರ ಚರ್ಚಿನ ಸಭೆಯಲ್ಲಿ ಹೊಸ ವರ್ಷದ ಆರಾಧನೆಗೆ ಬೈಬಲ್ಲಿನ ಒಂದೊಂದು ವಚನ ಬರೆದ ಚೀಟಿಗಳನ್ನು ತಟ್ಟೆಯಲ್ಲಿಡುತ್ತಾರೆ. ಕೈಗೆ ಬಂದದ್ದು ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಇವಳಿಗೆ ಬಂದದ್ದು, ದೇವರೇ ನಿಮ್ಮ ಪರವಾಗಿ ಯುದ್ಧ ಮಾಡುತ್ತಾನೆ, ನೀವು ಸುಮ್ಮನಿರಿ ಎಂಬ ಮಾತು.

“ಸುಮ್ನ ಇರು ಅಂದಾನ್ರಿ ದೇವ್ರು. ಓಡಿ ಹೋದ್ರ ನಂಬಿಕಿ ಇಲ್ದಂಗ ಆಕ್ಕೈತ್ರಿ.”

ನನ್ನ ಪಿತ್ತ ನೆತ್ತಿಗೇರಿತು. “ಚೀಟಿ ನೋಡಿ ಹೆರಿಗಿ ಮಾಡಸ್ಲಿಕ್ಕೆ ಆಗ್ತದೇನ? ನಿನಗೇನರೆ ಬುದ್ಧಿ ಅದನೋ ಇಲ್ಲೋ?”

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಸಾಮುವೆಲ್ ತಲೆ ಬಗ್ಗಿಸಿದ. ಆ ಮಾತಿಗೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಹೆದರಿದವಳಿಗೆ ಉಳಿದಿದ್ದ ಒಂದೇ ಆಸರೆಯನ್ನು ನಾನು ಕಾಲಿನಿಂದ ಒದ್ದಿದ್ದೆ. ಅಷ್ಟರಲ್ಲಿ ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತಿದೆ ಎಂದಳು. ಅವು ಫಿಟ್ಸ್‌ನ ಮುನ್ಸೂಚನೆಗಳು.

“ಆ ವಚನ ಎಲ್ಲಿ ಬರ್ತದ? ತೋರಸವಾ” ಎಂದೆ, ದನಿ ತಗ್ಗಿಸಿ.

ಅವಳು ಚೀಲದಿಂದ ಬೈಬಲ್ ತೆಗೆದು ಪುಟ ತಿರುವಿದಳು. “ಅಕ್ಷರ ತೇಲಾಡಾಕತ್ತಾವ್ರಿ” ಎಂದು ನನ್ನ ಕೈಗೇ ಕೊಟ್ಟಳು. ನಮ್ಮದು ವೈಷ್ಣವರ ಮನೆ. ಗ್ರಂಥ ಮುಟ್ಟುವ ಮೊದಲು ಚಪ್ಪಲಿ ಬಿಡುವುದು ರೂಢಿ, ಅರಿವಿಲ್ಲದೆ ಬಿಟ್ಟೆ. ಸಲೋಮಿ ಅದನ್ನು ನೋಡಿದಳು. ಮುಖ ನನ್ನ ಕಡೆ ತಿರುಗಿತು.

ಗುಲಾಮಗಿರಿಯಿಂದ ಬಿಡಿಸಿದ ಜನರನ್ನು ಮೋಶೆ ಕರೆದೊಯ್ಯುವ ಕಥೆ ಅದು. ಹಿಂದೆ ಅಟ್ಟಿಸಿಕೊಂಡು ಬಂದ ಫರೋಹ ರಾಜನ ಸೈನ್ಯ, ಮುಂದೆ ಸಮುದ್ರ, ನಡುವೆ ಗೋಳಾಡುವ ಜನ. ಅವಳ ವಚನದ ತನಕ ಓದಿದೆ. ಅಲ್ಲಿಗೆ ಮುಗಿಯಿತೆಂದು ಅವಳು ಕೈ ಮುಗಿದಳು. ನನಗೆ ನಡುವೆ ನಿಲ್ಲಿಸಿ ರೂಢಿಯಿಲ್ಲ. ನಮ್ಮಜ್ಜ ಪಾರಾಯಣಕ್ಕೆ ಕೂತರೆ ಅಧ್ಯಾಯ ಮುಗಿಯದೆ ಏಳುವಂತಿರಲಿಲ್ಲ. ಒಂದು ಶ್ಲೋಕದ ಅರ್ಥ ಕೇಳಿದರೂ ಹಿಂದಿನದೊಂದು, ಮುಂದಿನದೊಂದು ಓದಿಸಿಯೇ ಹೇಳುತ್ತಿದ್ದರು. ಹಾಗಾಗಿ ನಾನು ಮುಂದಿನ ವಚನಕ್ಕೆ ಹೋದೆ. ಅಲ್ಲಿ ದೇವರು ಮೋಶೆಯನ್ನು ಕೇಳುತ್ತಾನೆ: ನನಗೇಕೆ ಮೊರೆಯಿಡುತ್ತೀ? ಮುಂದಕ್ಕೆ ಹೊರಡಲು ಜನರಿಗೆ ಹೇಳು. ಆಣೆ ಮಾಡಿ ಹೇಳುತ್ತೇನೆ, ಅಲ್ಲಿ ಅದು ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಇನ್ನೊಮ್ಮೆ ಓದ್ರಿ” ಎಂದಳು. ಓದಿದೆ.

“ಹೊರಡ್ರಿ ಅಂದಾಗ ಸಮುದ್ರ ಸೀಳಿತ್ತೇನ್ರಿ?”

ನಾನು ಬೆರಳಿಟ್ಟು ಸಾಲು ಸಾಲಾಗಿ ನೋಡಿದೆ. “ಇಲ್ಲವಾ. ಸಮುದ್ರ ಸೀಳಿ ದಾರಿ ಬಿಡೂದು ಆಮ್ಯಾಲೆ ಅದ. ಹೊರಡ್ರಿ ಅಂದದ್ದು ಮೊದಲ.”

ಸಲೋಮಿ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಬೇಡಿಕೊಂಡಳು. ಆಮೇಲೆ ಗಂಡನಿಗೆ, “ನಡೀರಿ, ಹೋಗೂಣು” ಎಂದಳು.

ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಹತ್ತು ಗ್ರಾಂ, ಎರಡೂ ಪಿರ್ರೆಗೆ ಐದೈದರಂತೆ ಚುಚ್ಚಿದೆ. ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದುಕೊಂಡು ನಾನೂ ಕೂತೆ. ಹೆದ್ದಾರಿ ಸೇರಿದಾಗ ಅವಳು ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. “ಅಂಜಿಕಿ ಹೋಗಿಲ್ರಿ ಬಾಯಾರ. ಆದ್ರ ತಿಳೀತ್ರಿ. ಸುಮ್ನ ಇರಬೇಕಾದ್ದು ಮನಸು, ಕಾಲು ನಡೀಬೇಕ್ರಿ” ಎಂದಳು. ಮಧ್ಯಾಹ್ನ ಸಿಸೇರಿಯನ್ ಆಯಿತು. ಹೆಣ್ಣು ಕೂಸು, ಒಂದು ಕಿಲೋ ಏಳುನೂರು ಗ್ರಾಂ. ಹುಟ್ಟುತ್ತಲೇ ಅತ್ತಿತು. ಹೊರಗೆ ಸಾಮುವೆಲ್, ನಾನು ಇಬ್ಬರೂ ಅತ್ತೆವು.

ಮುಂದೆ ಸವಣೂರು, ಹಾನಗಲ್ಲ ಎಂದು ವರ್ಗವಾಗುತ್ತ ನಿವೃತ್ತಳಾದೆ. ಹೋದ ವರ್ಷ ನನ್ನ ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಬೇಕು ಎಂದರು. ಊರಿನವರನ್ನೆಲ್ಲ ಬೈದು ಹುಬ್ಬಳ್ಳಿಗೆ ಕಳಿಸಿದವಳು ನಾನು, ಮೂರು ತಿಂಗಳು ನೆವ ಹೇಳುತ್ತ ಮನೆಯಲ್ಲೇ ಕೂತೆ. ಸುದ್ದಿ ಕೇಳಿ ಸಲೋಮಿ ಬಂದಳು. ಜೊತೆಗೆ ಹತ್ತನೇ ತರಗತಿಯ ಮಗಳು, ನನಗಿಂತ ಗೇಣು ಎತ್ತರ.

“ದೇವರು ಇಟ್ಟ್ಹಾಂಗ ಆಗ್ಲಿ ಬಿಡವಾ” ಎಂದೆ.

ಸಲೋಮಿ ನನ್ನನ್ನೇ ನೋಡಿದಳು. “ಅದರ ಮುಂದಿಂದು ಏನೈತ್ರಿ ಬಾಯಾರ?”

ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇದನ್ನೇ: ಹೆದರಿದವರು ದೇವರ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ, ಪೂರ್ತಿ ಓದಿಸಲು ಪಕ್ಕದಲ್ಲಿ ಒಬ್ಬರು ಬೇಕು. ಮರುದಿನ ಆಸ್ಪತ್ರೆ ಸೇರಿದೆ. ಅಂಜಿಕೆ ಹೋಗಿರಲಿಲ್ಲ. ದಾರಿಯುದ್ದಕ್ಕೂ ನನ್ನ ಕೈಯನ್ನು ಸಲೋಮಿ ಹಿಡಿದುಕೊಂಡಿದ್ದಳು.