ಕಾಲು ಮುಂದಾಗಿ ಹುಟ್ಟಿದ ಭಾವ

ಇವತ್ತು ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಸರಿಸಲು ಬಗ್ಗಿದವಳು ಮತ್ತೆ ನೆಟ್ಟಗಾಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಅರವತ್ತು ಹತ್ತಿರ ಬಂದರೂ ಸಿಲಿಂಡರ್ ಜೊತೆ ಕುಸ್ತಿ ಮಾಡುವ ಜಂಬ ಹೋಗಿಲ್ಲ ನೋಡಿ, ನನಗೆ ಆಗಬೇಕಾದ್ದೇ. ಅಷ್ಟರಲ್ಲಿ ನಮ್ಮ ಯಜಮಾನರು ಹಾಲ್‌ನಲ್ಲಿ ಫೋನ್ ಹಿಡಿದು, "ಅಣ್ಣಾ, ಇವಳಿಗೆ ಸೊಂಟ ಹಿಡ್ಕೊಂಡಿದೆ, ಒಂದ್ಸಲ ಬಂದ್ಹೋಗು" ಅನ್ನುವುದು ಕೇಳಿಸಿತು. ನೋವು ಒತ್ತಟ್ಟಿಗಿರಲಿ, ಆ ಮಾತಿಗೆ ಮೈಯೆಲ್ಲ ಉರಿಯಿತು.

ಯಾಕೆ ಅಂತ ಹೇಳುತ್ತೇನೆ. ಯಶವಂತಪುರದ ನಮ್ಮ ಭಾವ ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬ ನಂಬಿಕೆ ನಿಮ್ಮ ಮನೆಯಲ್ಲೂ ಇದ್ದೀತು. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು ಭಾನುವಾರ ಅವರ ಬಾಗಿಲಿಗೆ ಬರುತ್ತಿದ್ದರು. ಭಾವ ಕಾಲು ತೊಳೆದುಕೊಂಡು, ದೇವರ ಕೆಲಸವೆಂಬಂತೆ ಒದೆಯುತ್ತಿದ್ದರು. ನಾವೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು.

ಅವರ ಹೆಂಡತಿ ವಿಮಲಕ್ಕ, ನನ್ನ ಓರಗಿತ್ತಿ, ಮೊದಲಿನಿಂದಲೂ ಒಣಕಲು. ನಲವತ್ತು ತುಂಬುವ ಮೊದಲೇ ರಕ್ತಸ್ರಾವ ಅಂತ ಆಸ್ಪತ್ರೆಗೆ ಹೋದಾಗ, "ಇನ್ಯಾಕ್ ಬೇಕು, ತೆಗ್ಸಿಬಿಡಿ" ಅಂದರು ಅತ್ತೆ. ಗರ್ಭಕೋಶದ ಜೊತೆ ಅಂಡಾಶಯಗಳೂ ಹೋದವು. ಉಬ್ಬಸಕ್ಕೆ ಮೆಡಿಕಲ್ ಸ್ಟೋರಿನವನು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರು. ಬಚ್ಚಲಲ್ಲಿ ಜಾರಿ ಸುಮ್ಮನೆ ಕೈಯೂರಿದ್ದಕ್ಕೇ ಮಣಿಕಟ್ಟು ಮುರಿಯಿತು. ಆಗಲಾದರೂ ಯಾರಾದರೂ ಯೋಚಿಸಿದರಾ? ಅವರ ಅಮ್ಮನ ಬೆನ್ನೂ ಗೂನಾಗಿತ್ತೆಂದು ನೆನೆದು ನಕ್ಕರು, ಅಷ್ಟೆ.

ಒಂದು ದಿನ ಒಗೆದ ಬಟ್ಟೆಯ ಬಕೆಟ್ ಎತ್ತಿದಾಗ ಅಕ್ಕ ಅಲ್ಲೇ ಕುಕ್ಕರಿಸಿದರು. "ಒಳಗೇನೋ ಕುಸಿದಂಗಾಯ್ತು ಕಣೇ" ಎಂದು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಆ ಹೊತ್ತಿಗೆ ಮಾತ್ರ ಬಾಯಿ ಬಿಡಲಿಲ್ಲ. ಭಾವ ಕಾಲು ತೊಳೆದು ಬಂದರು, ಅಕ್ಕ ಬೋರಲು ಮಲಗಿದರು, ಭಾವ ಒದ್ದರು. ಆ ಕೂಗು ಮೂರನೇ ಮನೆಗೆ ಕೇಳಿಸಿತಂತೆ.

"ಮೂಳೆ ಸವೆದು ಬೆನ್ನುಮೂಳೆ ಕುಸಿದಿದೆ. ಒಂದು ಕುಸಿದ್ರೆ ಇನ್ನೊಂದು ಕುಸಿಯೋದು ಸುಲಭ" ಅಂದರು ಎಕ್ಸ್‌ರೇ ನೋಡಿದ ಡಾಕ್ಟರು. ಆಪರೇಷನ್ನು, ಮಾತ್ರೆ, ಮಣಿಕಟ್ಟು, ಅಮ್ಮನ ಗೂನು, ಒಂದೊಂದನ್ನೂ ಕೇಳಿದರು. ಎಲ್ಲಕ್ಕೂ ಭಾವನೇ ಉತ್ತರ ಕೊಟ್ಟರು. ಒದ್ದಿದ್ದನ್ನು ಮಾತ್ರ ಹೇಳಲಿಲ್ಲ. ಆಮೇಲೆ ಇನ್ನೆರಡು ಮೂಳೆ ಕುಸಿದು ಅಕ್ಕ ಪೂರಾ ಬಾಗಿಹೋದರು. ಈಗ ನಿಂತರೆ ಅವರಿಗೆ ಕಾಣುವುದು ನೆಲ ಒಂದೇ.

ಇವತ್ತು ಇಬ್ಬರೂ ಆಟೊದಲ್ಲಿ ಅಲ್ಲಾಳಸಂದ್ರದ ನಮ್ಮ ಮನೆಗೆ ಬಂದಿಳಿದರು. ಭಾವ ನೇರವಾಗಿ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದರು. ನಾನು ಬಾಯಿ ತೆರೆಯುವ ಮೊದಲೇ ವಿಮಲಕ್ಕ ಕೋಲೂರಿಕೊಂಡು ನಮ್ಮಿಬ್ಬರ ನಡುವೆ ಬಂದು ನಿಂತರು.

"ಚಪ್ಪಲಿ ಹಾಕ್ಕೊಳ್ರೀ. ಆ ಕಾಲು ಇವಳಿಗೆ ತಾಗಿದ್ರೆ ನಾನು ವಾಪಸ್ ನಿಮ್ಮನೆಗೆ ಬರಲ್ಲ."

ಭಾವ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ನಿಂತರು. ನಮ್ಮವರು ಬೆಪ್ಪಾಗಿ ಆಸ್ಪತ್ರೆಗೆ ಆಟೊ ಹುಡುಕತೊಡಗಿದರು. ನನಗೆ ಅಳು ಬಂತು, ಸಿಟ್ಟೂ ಬಂತು. ತಡೆಯಲಾರದೆ ಕೇಳಿದೆ: "ಅವತ್ತೇ ಯಾಕಕ್ಕ ಹೀಗೆ ಹೇಳ್ಲಿಲ್ಲ?"

"ಅವತ್ತು ಅವರ ಮುಖ ನೋಡ್ಕೊಂಡು ಹೇಳ್ಬೇಕಿತ್ತಲ್ಲ ಕಣೇ" ನೆಲ ನೋಡುತ್ತಲೇ ಅಂದರು ಅಕ್ಕ.