ಮಂಡಿ ತಟ್ಟಿದೆ, ಮೈಕ್ ತೆರೆಯಲಿಲ್ಲ

ಆ ಭಾನುವಾರ ಹತ್ತಕ್ಕೆ ಐದು ನಿಮಿಷ ಇರುವಾಗ ನನ್ನ ಹೆಂಡತಿ ರವೆ ಡಬ್ಬಕ್ಕೆ ಮೊಬೈಲ್ ಒರಗಿಸಿ, ಸೆರಗು ಸರಿಮಾಡಿಕೊಂಡು, "ರೀ, ಬಂದು ಕೂತ್ಕೊಳ್ಳಿ, ಶುರುವಾಗತ್ತೆ" ಎಂದು ಕರೆದಳು. ನಾನು ಚಾಪೆಯ ತುದಿಯಲ್ಲಿ, ಕ್ಯಾಮೆರಾಕ್ಕೆ ಬೀಳದ ಹಾಗೆ ಕೂತೆ. ಅದು ನನ್ನ ಜಾಗ.

ಅವಳು ಮಲ್ಲೇಶ್ವರಂನ ಒಂದು ಶಾಲೆಯಲ್ಲಿ ಅಟೆಂಡರ್. ನಲವತ್ತೈದು ದಾಟಿದ ಮೇಲೆ ಆನ್‌ಲೈನಿನಲ್ಲಿ ಬಿ.ಎ.ಗೆ ಸೇರಿದ್ದಳು. ವಾರವೆಲ್ಲ ಪಾಠದ ವಿಡಿಯೊ ನೋಡುವುದು, ಭಾನುವಾರ ಒಂದು ಗಂಟೆ ಎಲ್ಲರೂ ಒಟ್ಟಿಗೆ ಲೈವ್ ಬಂದು ಚರ್ಚೆ ಮಾಡುವುದು. ನಮ್ಮ ಮನೆ ಓಕಳಿಪುರದಲ್ಲಿ, ಹಳಿಯ ಪಕ್ಕಕ್ಕೆ. ರೈಲು ಹೋದರೆ ತಟ್ಟೆ ಲೋಟ ಅಲುಗುತ್ತವೆ. ಮೊದಲ ವಾರವೇ ಒಬ್ಬ ಹುಡುಗಿ "ಆಂಟಿ, ಸ್ಟೇಷನ್ನಲ್ಲಿ ಕೂತ್ಕೊಂಡು ಓದ್ತಿದೀರಾ?" ಎಂದು ಕೇಳಿ ಎಲ್ಲರೂ ನಕ್ಕಿದ್ದರು. ಅಂದಿನಿಂದ ಮೈಕ್ ನನ್ನ ಕೆಲಸವಾಯಿತು. ಸದ್ದು ಬರುವ ಮೊದಲೇ ನೆಲದಲ್ಲಿ ಸಣ್ಣ ನಡುಕ ಬರುತ್ತದೆ. ಅಷ್ಟಕ್ಕೇ ನಾನು ಕೈ ಚಾಚಿ ಮೈಕ್ ಮುಚ್ಚುತ್ತಿದ್ದೆ. ಅವಳು ಮಾತು ನಿಲ್ಲಿಸುತ್ತಿದ್ದಳು. ರೈಲು ಹೋದ ಮೇಲೆ ತೆರೆದು ಅವಳ ಮಂಡಿ ತಟ್ಟುತ್ತಿದ್ದೆ. ಅವಳು ಬಿಟ್ಟಲ್ಲಿಂದ ಶುರುಮಾಡುತ್ತಿದ್ದಳು. ಪರದೆಯ ಮೇಲಿನ ಮೈಕಿನ ಗುರುತನ್ನು ಅವಳು ನೋಡುತ್ತಲೇ ಇರಲಿಲ್ಲ. ನನ್ನ ಕೈಯನ್ನು ನಂಬಿದ್ದಳು.

ಅಂದಿನ ವಿಷಯ, ಶಾಲೆಯ ಹೊರಗೆ ನಿಮಗೆ ಕಲಿಸಿದವರು ಯಾರು ಎಂಬುದು. ಪ್ರತಿ ವಾರ ಬರೆದುಕೊಂಡು ಓದುವವಳಿಗೆ ಚರ್ಚೆ ನಡೆಸುವ ಮೇಡಂ ಹಿಂದಿನ ವಾರವೇ ಹೇಳಿದ್ದರು, "ಓದ್ಬೇಡಿ ಅಮ್ಮ, ಸುಮ್ನೆ ನಮ್ಮ ಹತ್ರ ಮಾತಾಡಿ." ಹಾಗಾಗಿ ಅಂದು ಅವಳ ಕೈಯಲ್ಲಿ ಹಾಳೆ ಇರಲಿಲ್ಲ. ಒಂದು ಚೀಟಿಯಷ್ಟೇ ಇತ್ತು.

ಅವಳ ಸರದಿಗೆ ಸ್ವಲ್ಪ ಮುಂಚೆ ರೈಲು ಬಂತು. ಮೈಕ್ ಮುಚ್ಚಿದೆ. ರೈಲು ಹೋಗುತ್ತಿದ್ದಂತೆ ಹಿತ್ತಲಲ್ಲಿ ನಲ್ಲಿ ಕೆಮ್ಮಿತು. ನಮಗೆ ದಿನ ಬಿಟ್ಟು ದಿನ ನೀರು, ಅದೂ ಹೊತ್ತುಗೊತ್ತಿಲ್ಲದೆ. "ಈಗ ಅಮ್ಮ ಹೇಳ್ತಾರೆ" ಎಂದು ಮೇಡಂ ಕರೆದದ್ದೂ ನಾನು ಎದ್ದದ್ದೂ ಒಂದೇ ಗಳಿಗೆ. ಏಳುವಾಗ ಅವಳ ಮಂಡಿ ತಟ್ಟಿದೆ. ಮೈಕ್ ತೆರೆಯಲಿಲ್ಲ.

ಡ್ರಮ್ಮಿಗೆ ನೀರು ಬೀಳುವ ಸದ್ದಿನಲ್ಲಿ ನನಗೆ ಅವಳ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಂದು ಸಲ ನನ್ನ ಕಡೆ ತಿರುಗಿ ನಕ್ಕಳು. ನಾನೂ ನಕ್ಕೆ. ಆ ಹೊತ್ತಿಗೆ ಮೇಡಂ ಅವರ ನೆಟ್ ಹೋಗಿತ್ತಂತೆ. ಉಳಿದವರು ತಮ್ಮ ತಮ್ಮ ಫೋನೇ ಕೆಟ್ಟಿದೆ ಎಂದುಕೊಂಡರು. ಮೇಡಂ ಮತ್ತೆ ಬಂದು, "ಅಯ್ಯೋ ಅಮ್ಮ, ನೀವು ಮ್ಯೂಟಲ್ಲಿದೀರಿ" ಎನ್ನುವಾಗ ಅವಳು ಮುಗಿಸಿ ನೀರು ಕುಡಿಯುತ್ತಿದ್ದಳು. ಸಮಯವೂ ಮುಗಿದಿತ್ತು. ಮುಂದಿನ ವಾರ ಅವಳಿಂದಲೇ ಶುರು ಎಂದಾಯಿತು.

"ಚೆನ್ನಾಗಿ ಕಾದ್ರಿ ಮೈಕು" ಎಂದು ಅವಳು ನನ್ನನ್ನು ಛೇಡಿಸಿದಳು.

"ಏನ್ ಹೇಳ್ದೆ, ನನಗಾದ್ರೂ ಹೇಳು."

"ಪುಕ್ಕಟೆ ಎರಡು ಸಲ ಹೇಳಲ್ಲ. ಭಾನುವಾರ ಕೂತು ಕೇಳಿಸ್ಕೊಳ್ಳಿ."

ಬುಧವಾರ ಬೆಳಿಗ್ಗೆ ಶಾಲೆಯ ಮೆಟ್ಟಿಲ ಮೇಲೆ ಅವಳು ಕುಸಿದಳು. ನಾನು ನಗರ್ತಪೇಟೆಯಲ್ಲಿ ಗುಂಡಿ, ಲೇಸು ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಫೋನ್ ಬಂದು, ಗಲ್ಲಿಯಿಂದ ಹೊರಬಿದ್ದು, ಆಟೊ ಹಿಡಿದು ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು.

ಭಾನುವಾರ ಮನೆ ತುಂಬ ನೆಂಟರು. ಹತ್ತು ಗಂಟೆಗೆ ನಾನು ಅವಳ ಮೊಬೈಲ್ ತೆಗೆದುಕೊಂಡು ನಲ್ಲಿಯ ಹತ್ತಿರ ಹೋದೆ. ವಿಷಯ ಹೇಳಿಬಿಡೋಣ ಎಂದಷ್ಟೇ ಅಂದುಕೊಂಡಿದ್ದೆ. ಕ್ಯಾಮೆರಾ ಹಾಕಲಿಲ್ಲ. ಅವಳ ಹೆಸರು ಮಾತ್ರ ಕಾಣಿಸಿರಬೇಕು.

"ಅಮ್ಮ ಬಂದ್ರು" ಎಂದರು ಮೇಡಂ. "ಹೋದ ವಾರ ನಮಗೆ ಮೋಸ ಆಯ್ತು. ಇವತ್ತು ಬಿಡಲ್ಲ."

"ಆಂಟಿ, ಟ್ರೈನ್ ಹೋಯ್ತಾ?" ಎಂದಳು ಆ ಹುಡುಗಿ.

ಮೈಕ್ ತೆರೆದೆ. "ನಾನು ಅವಳ ಗಂಡ ಮಾತಾಡ್ತಿರೋದು ಮೇಡಂ. ಅವಳು ಬುಧವಾರ ತೀರ್ಕೊಂಡ್ಳು."

ಅಷ್ಟರಲ್ಲಿ ನೆಲ ನಡುಗಿತು. ನನ್ನ ಕೈ ತಾನಾಗಿ ಹೋಗಿ ಮೈಕ್ ಮುಚ್ಚಿತು. ರೈಲು ಹೋಗುವ ತನಕ ಅವರ ಬಾಯಿಗಳು ಆಡುವುದನ್ನು ನೋಡುತ್ತ ನಿಂತೆ. ಆಮೇಲೆ ತೆರೆದು ಕೇಳಿದೆ, "ಹೋದ ವಾರ ಅವಳು ಹೇಳಿದ್ದು ನಿಮ್ಮಲ್ಲಿ ಯಾರಿಗಾದ್ರೂ ಒಂಚೂರು ಕೇಳಿಸ್ತಾ?"

"ಇಲ್ಲ ಅಂಕಲ್" ಎಂದಳು ಹುಡುಗಿ. "ರೆಕಾರ್ಡಿಂಗ್ ಇದೆ. ಆದ್ರೆ ಅದ್ರಲ್ಲೂ..." ಎಂದು ನಿಲ್ಲಿಸಿದಳು.

ಅದರಲ್ಲೂ ಇಲ್ಲ. ನೋಡಿದ್ದೇನೆ, ಎಷ್ಟು ಸಲ ಎಂದು ಹೇಳಲಾರೆ. ಅವಳ ಹಿಂದೆ ಗೋಡೆಯಲ್ಲಿ ಬುದ್ಧನ ಪಟ, ಮುಂದೆ ಅವಳು, ಬಾಯಿ ಆಡುತ್ತದೆ. ಹಳೆಯ ವಾರಗಳ ರೆಕಾರ್ಡಿಂಗುಗಳಲ್ಲಿ ಅವಳ ದನಿ ಇದೆ. ಅಲ್ಲಿ ಅವಳು ಹಾಳೆ ನೋಡಿ ಓದುತ್ತಾಳೆ, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ. ಈ ಒಂದರಲ್ಲಿ ಮಾತ್ರ ಕೈ ಆಡಿಸಿ, ಹುಬ್ಬೇರಿಸಿ, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಾಳೆ.

ಚೀಟಿ ಆಮೇಲೆ ಸಿಕ್ಕಿತು, ರವೆ ಡಬ್ಬದ ಅಡಿಯಲ್ಲಿ. ಒಂದರ ಕೆಳಗೆ ಒಂದು ಬರೆದಿದ್ದಳು: ಅಪ್ಪನ ಸೈಕಲ್. ನಲ್ಲಿ ಸಾಲು. ಇವರು.

ಮೊದಲನೆಯದು ನನಗೆ ಗೊತ್ತು. ಸೈಕಲ್ ರಿಪೇರಿ ಮಾಡುತ್ತಿದ್ದ ಅವಳ ಅಪ್ಪ ಬೋಲ್ಟು ಎಣಿಸಿ ಲೆಕ್ಕ ಕಲಿಸಿದ ಕಥೆ. ಎರಡನೆಯದೂ ಗೊತ್ತು. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತು ಜಗಳಕ್ಕೆ ಉತ್ತರ ಕೊಡುವುದನ್ನು ಕಲಿತಳು. ಮೂರನೆಯದು ನಾನು. ಅವಳು ಒಂದು ದಿನವೂ ನನ್ನ ಹೆಸರು ಹೇಳಿದವಳಲ್ಲ.

ಈಗ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಪ್ರತಿ ರೈಲಿಗೂ ಎದ್ದು ನಿಲ್ಲುತ್ತೇನೆ. ಭಾನುವಾರ ಸಂಪಿಗೆ ರಸ್ತೆಯ ತನಕ ನಡೆದು, ಅವಳ ಶಾಲೆಯ ಗೇಟು ನೋಡಿ, ಯಾವ ಕ್ರಾಸಿಗೆ ತಿರುಗಿದೆ ಎಂದೂ ಗೊತ್ತಾಗದೆ ವಾಪಸು ಬರುತ್ತೇನೆ. ಅಂಗಡಿಯಲ್ಲಿ ಬಿಳಿ ಗುಂಡಿಯ ಪೆಟ್ಟಿಗೆಗೆ ಕಪ್ಪು ಗುಂಡಿ ಸುರಿದಿದ್ದೇನೆ. ಮೊನ್ನೆ ಊಟದ ಹೊತ್ತಿನಲ್ಲಿ ಯಜಮಾನರು, ದಿನವೂ ಹಣೆಗೆ ವಿಭೂತಿ ಇಟ್ಟುಕೊಂಡು ಬರುವ ಹಿರಿಯರು, "ಕೊಡಿಲ್ಲಿ, ಅದೇನು ದಿನಾ ನೋಡ್ತೀಯ" ಎಂದು ಮೊಬೈಲ್ ಇಸಿದುಕೊಂಡರು. ಹೇಳಿದೆ. ಕನ್ನಡಕ ಹಾಕಿಕೊಂಡು ಕೊನೆಯ ತನಕ ನೋಡಿದರು.

"ನನಗೂ ತಿಳೀಲಿಲ್ಲಪ್ಪ" ಎಂದರು. "ಆದ್ರೆ ಬೈತಿರೋ ಮುಖ ಅಲ್ಲ ಇದು."

"ಬೈಯ್ಯುವಾಗ್ಲೂ ಹೀಗೇ ನಗ್ತಿದ್ಳು ಸ್ವಾಮಿ."

"ಹಂಗಾದ್ರೆ ಕಷ್ಟ" ಎಂದು ಅವರು ಮೊಬೈಲ್ ವಾಪಸು ಕೊಟ್ಟು, ನನ್ನ ಊಟದ ಡಬ್ಬಿ ಮುಚ್ಚಳ ತಾವೇ ತೆಗೆದಿಟ್ಟರು.

ಅವಳು ನಲ್ಲಿಯ ಕಡೆ ತಿರುಗಿ ನಗುವ ಜಾಗ ನನಗೆ ಕಣ್ಣುಮುಚ್ಚಿದರೂ ಗೊತ್ತು. ತಿರುಗುವ ಮೊದಲು ತುಟಿ 'ಇವರು' ಎನ್ನುತ್ತದೆ, ಅದನ್ನು ಗುರುತು ಹಿಡಿದಿದ್ದೇನೆ. ಅಲ್ಲಿಂದ ಕೊನೆಯ ತನಕ ಮುಕ್ಕಾಲು ನಿಮಿಷ. ನನ್ನಿಂದ ಅವಳು ಏನು ಕಲಿತಳು ಎಂಬುದು ಆ ಮುಕ್ಕಾಲು ನಿಮಿಷದಲ್ಲಿದೆ. ಅದು ನನಗೆ ಇನ್ನೂ ಸಿಕ್ಕಿಲ್ಲ.