ಹಿಟ್ಟಿನ ಡಬ್ಬಿಯ ಪ್ರಶ್ನೆಗಳು

ಜೋಳದ ಹಿಟ್ಟಿನ ವಾಸನೆ ಬಂದರೆ ನಿಮಗೆ ರೊಟ್ಟಿ ನೆನಪಾಗಬಹುದು. ನನಗೆ ಪರೀಕ್ಷೆಯ ಪ್ರಶ್ನೆಗಳು ನೆನಪಾಗುತ್ತವೆ. ವಿಜಯಪುರದ ಇಬ್ರಾಹಿಂಪುರದಲ್ಲಿದ್ದ ನಮ್ಮ ಮನೆ ಈಗಿಲ್ಲ. ಅದರ ಅಡುಗೆಮನೆಯಲ್ಲಿ ಅಪ್ಪನ ತಂಗಿ ಸುಶೀಲಾ ಅತ್ತೆ, ತಿಕೋಟಾದ ಗಂಡನ ಮನೆ ಬಿಟ್ಟು ಬಂದವಳು, ಮನೆಯವರು ಒಪ್ಪರೆಂದು ರೊಟ್ಟಿ ಬಡಿಯುತ್ತಲೇ ಕದ್ದುಮುಚ್ಚಿ ಬಿ.ಎ. ಪರೀಕ್ಷೆಗೆ ಓದುತ್ತಿದ್ದಳು. ಇತಿಹಾಸ, ಮನಃಶಾಸ್ತ್ರ, ಸರ್ಕಾರ, ಗ್ರಾಹಕರ ಕಾನೂನು, ಎಲ್ಲದರ ಪ್ರಶ್ನೆಗಳನ್ನೂ ಚೀಟಿಗಳಲ್ಲಿ ಬರೆದು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ನಾನು ಒಲೆಯ ಪಕ್ಕ ಕೂತು ಒಂದೊಂದೇ ಚೀಟಿಯ ಹಿಟ್ಟು ಕೊಡವಿ ಓದುತ್ತಿದ್ದೆ. ಅವಳು ಕೈ ನಿಲ್ಲಿಸದೆ ಉತ್ತರ ಹೇಳುತ್ತಿದ್ದಳು. ಮನೆಯ ಹಿಂದಿನ ಹಳಿಯ ಮೇಲೆ ರೈಲು ಹೋಗುವಾಗ ಮಾತ್ರ, ಆ ಸದ್ದಿಗೆ, ಇಬ್ಬರೂ ಸುಮ್ಮನಾಗುತ್ತಿದ್ದೆವು. ಒಂದು ದಿನ ಹಿಟ್ಟು ನಾದುತ್ತ ಅಂದಳು, "ಪಾಸಾದ್ರ ಬಬಲೇಶ್ವರದಾಗ ನೌಕರಿ ಸಿಗತೈತವಾ. ಅಲ್ಲೇ ಒಂದು ಬಾಡಿಗಿ ಖೋಲಿ ಹಿಡೀತೇನಿ." ನನ್ನನ್ನು ಬಿಟ್ಟು ಹೋಗುತ್ತಾಳೆಂಬ ಹೆದರಿಕೆ ಅಂದೇ ಹುಟ್ಟಿತು.

ಅಜ್ಜಿಗೆ ಎಲ್ಲರ ಮೇಲೂ ಸಂಶಯ. ಹಾಲು ತರುವವಳ ಕೈ ನೋಡುವಳು, ಬಂದವರ ಚಪ್ಪಲಿ ನೋಡುವಳು. ಅತ್ತೆ ಸಿದ್ಧೇಶ್ವರ ಗುಡಿಯ ಕಡೆ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ ಆ ಚೀಟಿಗಳು ಅಜ್ಜಿಯ ಕೈಗೆ ಸಿಕ್ಕವು. ಓದು ಬಾರದವಳು, ನನ್ನಿಂದ ಓದಿಸಿದಳು. ಕೋಟೆ ಒಳಗಿನವರಿಂದಲೇ ಬೀಳಲು ಕಾರಣವೇನು? ಮಾತಾಡದವರ ಮನಸ್ಸನ್ನು ಅರಿಯುವುದು ಹೇಗೆ? ಆಸ್ತಿಯ ಹಕ್ಕು ಈಗ ಎಂಥ ಹಕ್ಕು? ಮೋಸ ಹೋದವರು ಎಲ್ಲಿ ದೂರು ಕೊಡಬೇಕು, ಎಷ್ಟು ದಿನದೊಳಗೆ?

"ಕೋರ್ಟಿಗೆ ಹೊಂಟಾಳ ನೋಡು," ಎಂದಳು ಅಜ್ಜಿ. "ಮನ್ಯಾಗ ಪಾಲು ಕೇಳಾಕ ತಯಾರಿ ನಡಸ್ಯಾಳ."

ಸಂಜೆ ಅಪ್ಪನೂ ಚೀಟಿಗಳನ್ನು ಓದಿದ. ಅವನ ಮುಖ ಕಪ್ಪಿಟ್ಟಿತು. ಅತ್ತೆ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. "ಪರೀಕ್ಷಾದ ಪ್ರಶ್ನಿ ಹಿಟ್ಟಿನ ಡಬ್ಬಿಯೊಳಗ ಯಾಕ ಇರತಾವು?" ಎಂದ ಅಪ್ಪ. ಕೊನೆಗೆ ಅವಳು ನನ್ನ ಕಡೆ ತಿರುಗಿದಳು. "ನೀನರ ಹೇಳವಾ. ದಿನಾ ನೀನ ಅಲ್ಲೇನು ಪ್ರಶ್ನಿ ಕೇಳಾಕಿ?"

ಪರೀಕ್ಷೆ ತಪ್ಪಿದರೆ ಅತ್ತೆ ನನ್ನ ಬಳಿಯೇ ಉಳಿಯುತ್ತಾಳೆ ಎಂದುಕೊಂಡೆ. "ನನಗೇನೂ ಗೊತ್ತಿಲ್ಲ," ಎಂದೆ.

ಚೀಟಿಗಳು ನೀರೊಲೆಗೆ ಹೋದವು. ಮರುದಿನವೇ ಅತ್ತೆ ಮನೆ ಬಿಟ್ಟು ಬಬಲೇಶ್ವರದ ಬಸ್ಸು ಹತ್ತಿದಳು. ಪರೀಕ್ಷೆ ಬರೆಯಲೇ ಇಲ್ಲ. ಅಲ್ಲಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ ಉಳಿದಳು.

ದೊಡ್ಡವಳಾದ ಮೇಲೆ ಒಮ್ಮೆ ಅಲ್ಲಿಗೆ ಹೋದೆ. ಅವಳ ಕೂದಲೆಲ್ಲ ಬೆಳ್ಳಗಾಗಿತ್ತೋ, ಹಿಟ್ಟು ಹತ್ತಿತ್ತೋ ತಿಳಿಯಲಿಲ್ಲ. ಒಲೆಯ ಪಕ್ಕ ಕೂತು ಹಳೆಯ ಪ್ರಶ್ನೆಯನ್ನೇ ಕೇಳಿದೆ: ಮೋಸ ಹೋದವರು ಎಲ್ಲಿ ದೂರು ಕೊಡಬೇಕು? ಅತ್ತೆ ಕೈ ನಿಲ್ಲಿಸದೆ, ಒಂದು ಪದವೂ ತಪ್ಪದಂತೆ ಉತ್ತರ ಹೇಳಿದಳು.

"ಮುಂದಿಂದು ಕೇಳವಾ," ಎಂದಳು.

ಕೇಳಬೇಕಾದದ್ದು ಒಂದೇ ಇತ್ತು, ಕ್ಷಮೆ. ಅದನ್ನು ಕೇಳದೆಯೇ ಬಿಸಿ ರೊಟ್ಟಿ ತಿಂದು ವಿಜಯಪುರದ ಬಸ್ಸು ಹಿಡಿದೆ. ಅಂದು ಯಾಕೆ ಸುಳ್ಳು ಹೇಳಿದೆ ಎಂದು ಅವಳೂ ಕೇಳಲಿಲ್ಲ. ಈಗ ಅತ್ತೆ ಇಲ್ಲ. ಅವಳಿಗೆ ಕಾರಣ ಗೊತ್ತಿತ್ತೇನೋ ಎಂಬ ಸಂಶಯ, ಅಜ್ಜಿಯ ಸಂಶಯದ ಹಾಗೆಯೇ, ನನ್ನನ್ನು ಬಿಟ್ಟಿಲ್ಲ.